ಸುನೀತಾ ತಂದ ಶಾಲು

ಸುನೀತಾಳ ಕೆಲಸ ಏನೆಂದು ಮೂಗೂರಿನ ಅವಳ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ಕೃಷಿ ವಿಜ್ಞಾನಿಗಳು ವರ್ಷಗಟ್ಟಲೆ ಮಣ್ಣು ಕೆದಕಿ ಕಂಡುಕೊಂಡದ್ದನ್ನು ಸರ್ಕಾರದ ಕಿವಿಗೆ ಹಾಕುವುದು ಅವಳ ಕೆಲಸ. ನರಸೀಪುರದಲ್ಲಿ ನಮ್ಮದೊಂದು ಪುಟ್ಟ ಸಂಸ್ಥೆ, ಅವಳದೂ ನನ್ನದೂ ಎದುರುಬದುರು ಮೇಜು. ಸರ್ಕಾರಕ್ಕೆ ಎರಡು ಕಿವಿ ಇರುವುದು ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದಕ್ಕೆ ಎಂದು ನಾನು ರೇಗಿಸುತ್ತಿದ್ದೆ. ಅವಳು ನಕ್ಕು ನಂಜನಗೂಡಿನ ಬಸ್ಸು ಹತ್ತುತ್ತಿದ್ದಳು.

ಅವಳ ಸೋದರಮಾವ ಬೆಟ್ಟಯ್ಯನವರ ಗದ್ದೆ ಹುಲ್ಲಹಳ್ಳಿಯ ಹತ್ತಿರ, ನಾಲೆಯ ಕೆಳಗಿನ ತಗ್ಗಿನಲ್ಲಿದೆ. ಬೆಳೆ ಮುಗಿಯುವವರೆಗೂ ನಾಲೆಯಲ್ಲಿ ನೀರು ನಿಲ್ಲಿಸುವುದೇ ಇಲ್ಲ. ಮೇಲಿನ ಗದ್ದೆಗಳಲ್ಲಿ ಹೆಚ್ಚಾದದ್ದೆಲ್ಲ ಬಸಿದು ತಗ್ಗಿಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಉಪ್ಪು ಬಿಳಿಯಾಗಿ ಮೇಲೇಳುತ್ತದೆ. ಚೌಳು ಅನ್ನುವುದು ಇದನ್ನೇ. ಮಣ್ಣು ವಿಜ್ಞಾನಿ ಅಲಮೇಲು ಅವರು ಅಲ್ಲಿ ನಾಲೆಯ ಒಂದು ತೂಬಿನಿಂದ ನೀರು ಪಡೆಯುವ ರೈತರನ್ನೆಲ್ಲ ಒಪ್ಪಿಸಿ ಪ್ರಯೋಗ ಮಾಡಿ ತೋರಿಸಿದ್ದರು. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ ನೀರು ಕೊಟ್ಟರೆ ಮೇಲಿನವರ ಭತ್ತವೂ ಕಡಿಮೆಯಾಗದು, ಕೆಳಗಿನವರ ಮಣ್ಣೂ ಉಳಿಯುತ್ತದೆ. ಬೆಟ್ಟಯ್ಯನವರ ಗದ್ದೆ ಹಸಿರಾಗಿತ್ತು. ಆದರೆ ಪ್ರಯೋಗ ಮುಗಿದಿತ್ತು. ಇನ್ನು ಇಡೀ ನಾಲೆಗೆ ಅದೇ ನಿಯಮ ಆಗಬೇಕು, ಇಲ್ಲದಿದ್ದರೆ ಗದ್ದೆ ಮತ್ತೆ ಹೋಯಿತು. ಅದನ್ನು ತೀರ್ಮಾನಿಸುವುದು ನಂಜನಗೂಡಿನಲ್ಲಿ ಸೇರುವ ನೀರು ಬಿಡುವ ಸಭೆ.

"ಈ ಸಲ ಮಾಡಿಸೇ ಮಾಡಿಸ್ತೀನಿ ಮಾವ" ಎಂದು ಸುನೀತಾ ಮಾತು ಕೊಟ್ಟಿದ್ದಳು.

ಆದರೆ ತೀರ್ಮಾನ ಮಾಡಬೇಕಾದ ದೊಡ್ಡವರು ಸಭೆಗೆ ಬರುವುದೇ ಅನುಮಾನ. ಏರ್ಪಾಡು ನೋಡಿಕೊಳ್ಳುತ್ತಿದ್ದ ಜಗನ್, "ಬರೀ ಮಣ್ಣು ನೀರು ಅಂದ್ರೆ ಯಾರ್ ಬತ್ತಾರೆ ಮೇಡಂ? ಒಂದು ಸನ್ಮಾನ ಇಟ್ಕಳಿ, ಎಲ್ಲಾ ಬತ್ತಾರೆ" ಎಂದ. ಸುನೀತಾಳಿಗೂ ಸರಿಯೆನಿಸಿತು. ಅಲಮೇಲು ಅವರಿಗೊಂದು ಶಾಲು, ಪ್ರಯೋಗಕ್ಕೆ ಗದ್ದೆ ಕೊಟ್ಟ ಬೆಟ್ಟಯ್ಯನವರಿಗೊಂದು ಶಾಲು. ತಾನೇ ಮೈಸೂರಿಗೆ ಹೋಗಿ ಜರಿಯಂಚಿನದನ್ನು ಆರಿಸಿ ತಂದಳು.

ಎಲ್ಲರೂ ಬಂದರು. ಬಂದ ಮೇಲೆ ಇಬ್ಬರಿಗೆ ಮಾತ್ರ ಹೊದಿಸಿದರೆ ಉಳಿದವರಿಗೆ ಬೇಜಾರಲ್ಲವೇ? ವೇದಿಕೆಯಲ್ಲಿದ್ದವರಿಗೆಲ್ಲ ಹಾರ, ಪೇಟ, ಹಣ್ಣಿನ ಬುಟ್ಟಿ. ಹಾಕಿದವರಿಗೆ ಹಾಕಿಸಿಕೊಂಡವರಿಂದ ಮತ್ತೊಂದು ಹಾರ. ಕೊನೆಗೂ ಅಲಮೇಲು ಅವರ ಕೈಗೆ ಮೈಕು ಬಂದಾಗ ಅಧ್ಯಕ್ಷರು ಯಾರದೋ ಗೃಹಪ್ರವೇಶದ ಊಟಕ್ಕೆ ಹೊರಡುವ ಅವಸರದಲ್ಲಿದ್ದರು. ಪಾಪ, ಕಣ್ಣಿಗೆ ಜಾರುತ್ತಿದ್ದ ಪೇಟವನ್ನು ಹಿಡಿದುಕೊಂಡು ಆಕೆ ಎಲ್ಲರಿಗೂ ವಂದನೆ ಹೇಳಿ, "ಇನ್ನು ನೀರಿನ ವಿಷಯ..." ಅನ್ನುವಷ್ಟರಲ್ಲಿ ಅಧ್ಯಕ್ಷರು ಎದ್ದು, "ನೀರು ಎಂದಿನಂತೆಯೇ ಬಿಡೋಣ" ಎಂದು ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ನೀನಾದರೂ ಹೇಳು ಎಂದು ಸುನೀತಾ ಕೆಳಗಿನಿಂದ ಮಾವನಿಗೆ ಸನ್ನೆ ಮಾಡಿದಳು. ಬೆಟ್ಟಯ್ಯ ತಲೆ ತಗ್ಗಿಸಿಬಿಟ್ಟರು.

ಮರುದಿನ ಪೇಪರಿನಲ್ಲಿ ಸುದ್ದಿ ಬಂತು. ನಾಲೆಗೆ ಎಂದಿನಂತೆ ನಿರಂತರ ನೀರು, ವಿಜ್ಞಾನಿಗಳು ಹಾಗೂ ಪ್ರಗತಿಪರ ರೈತರ ಸಮ್ಮುಖದಲ್ಲಿ ತೀರ್ಮಾನ. ಪಕ್ಕದಲ್ಲೇ ಶಾಲು ಹೊದ್ದವರ ಫೋಟೋ. ನನಗೆ ಮೈಯೆಲ್ಲ ಉರಿದುಹೋಯಿತು. ಸುನೀತಾ ಆಫೀಸಿನಿಂದ ಆಫೀಸಿಗೆ ಅಲೆದಳು. ಹೋದ ಕಡೆಯೆಲ್ಲ ಒಂದೇ ಉತ್ತರ: "ನಿಮ್ಮ ವಿಜ್ಞಾನಿಗಳೇ ಅಲ್ಲಿ ಕೂತಿದ್ರಲ್ಲಮ್ಮ."

ಮುಂದಿನ ಬೇಸಿಗೆಯಲ್ಲಿ ಅವಳ ಜೊತೆ ನಾನೂ ಹುಲ್ಲಹಳ್ಳಿಗೆ ಹೋಗಿದ್ದೆ. ಗದ್ದೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬೆಳ್ಳಗಿತ್ತು. ಬದುವಿನ ಮೇಲೆ ಬೆಟ್ಟಯ್ಯ ನಿಂತಿದ್ದರು. ಬಿಸಿಲಿಗೆ ತಲೆಗೆ ಸುತ್ತಿಕೊಂಡಿದ್ದದ್ದು ಅದೇ ಶಾಲು.

"ಅವತ್ತು ಯಾಕ್ ಮಾವ ಬಾಯೇ ಬಿಡ್ಲಿಲ್ಲ?"

"ಎಂಗ್ ಬಿಡ್ಲವ್ವ? ನಾಕ್ ಜನದ್ ಮುಂದೆ ಮರ್ವಾದೆ ಮಾಡಿ ಶಾಲು ಒದ್ಸವ್ರೆ. ಅದ್ನ ಎಗಲ್ ಮ್ಯಾಲೆ ಆಕ್ಕಂಡು, ನೀವ್ ಮಾಡದು ತಪ್ಪು ಅನ್ನಕಾಯ್ತದಾ?" ಎಂದರು. ತಲೆಯ ಮೇಲಿನ ಜರಿಯಂಚು ಮುಟ್ಟಿ, "ಅದೂ ನೀನೇ ತಂದಿದ್ ಶಾಲು" ಎಂದರು.

ಸುನೀತಾ ಬದುವಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬೆಟ್ಟಯ್ಯ ಹತ್ತಿರ ಬಂದು ತಲೆ ಸವರಿದರು.

"ಅಳ್ಬ್ಯಾಡ ಕಣವ್ವ" ಎಂದರು. "ಈ ಗದ್ದೇಲಿ ಇರೋ ಉಪ್ಪೇ ಸಾಕು."