ಅಕ್ಕನ ಗುಲಾಬಿ ಬರ್ಫಿ

ನೆಲ ನೋಡಿಕೊಂಡೇ ನಡೆದು ನಡೆದು ನನ್ನ ಅಕ್ಕನ ಕತ್ತು ಮುಂದಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಇರುವೆಯ ಸಾಲು ಕಂಡರೆ ಸೀರೆಯ ನೆರಿಗೆ ಎತ್ತಿ ದಾಟುತ್ತಿದ್ದಳು, ಹಿಂದೆ ಬರುವವರನ್ನೂ ನಿಲ್ಲಿಸಿ ದಾಟಿಸುತ್ತಿದ್ದಳು. ಅಂಥವಳಿಗೆ ನಾನು ಎರಡು ವರ್ಷ, ಸೋಮವಾರಕ್ಕೊಮ್ಮೆ, ಹುಳ ಅರೆದು ತೆಗೆದ ಬಣ್ಣದ ಬರ್ಫಿ ಕೊಟ್ಟೆ. ಬಹುಪಾಲು ಗೊತ್ತಿದ್ದೇ ಕೊಟ್ಟೆ. ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಆರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಬರೆಯುವ ರೂಢಿಯಿಲ್ಲ. ಆದರೂ ಇದನ್ನು ಬರೆಯದೆ ಇರಲಾರೆ.

ನಮ್ಮ ಮನೆ ಬಸವಕಲ್ಯಾಣದಲ್ಲಿ, ತ್ರಿಪುರಾಂತ ಕೆರೆಯ ಕಡೆ. ಅಪ್ಪ ಮೊದಲೇ ಹೋಗಿದ್ದ. ಅವ್ವ ತೀರಿದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೆಂಟು. ಅವಳು ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ನನ್ನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ "ಮದಲ ಇವ ತನ್ನ ಕಾಲ ಮ್ಯಾಲ ನಿಂದರ್ಲಿ" ಎನ್ನುತ್ತಿದ್ದಳು. ನಾನು ನಿಲ್ಲುವ ಹೊತ್ತಿಗೆ ಕೇಳಿ ಬರುವವರೇ ನಿಂತಿದ್ದರು. ನಾನು ಹುಮನಾಬಾದಿನಲ್ಲಿ ಬೇಕರಿ ಹಾಕಿದೆ, ಅಲ್ಲಿಯೇ ಸಂಸಾರ ಹೂಡಿದೆ. ಅಕ್ಕ ಕಲ್ಯಾಣದ ಮನೆ ಬಿಟ್ಟು ಬರಲಿಲ್ಲ. ವಾರಕ್ಕೊಮ್ಮೆ, ಸೋಮವಾರ ಮುಂಜಾನೆ, ಬಸ್ಸಿನಲ್ಲಿ ಬಂದು ನನ್ನ ಮುಖ ನೋಡಿ ಮಧ್ಯಾಹ್ನಕ್ಕೆ ತಿರುಗಿ ಹೋಗುತ್ತಿದ್ದಳು.

ಅಕ್ಕ ಕೊರಳಲ್ಲಿ ಲಿಂಗ ಕಟ್ಟಿದವಳು. ದಿನಾ ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಪೂಜಿಸುವಳು, ಅದಕ್ಕೆ ಎಡೆ ತೋರಿಸದೆ ಒಂದು ತುತ್ತೂ ಬಾಯಿಗೆ ಇಡುತ್ತಿರಲಿಲ್ಲ. ಬೇಕರಿಯಲ್ಲಿ ತತ್ತಿ ಬಳಸುತ್ತೇವೆ. ಹಾಗಾಗಿ ನನ್ನ ಅಂಗಡಿಯ ಒಂದು ತುಣುಕನ್ನೂ ಅವಳು ಮುಟ್ಟಲಿಲ್ಲ. ನೀರು ಕೂಡ ತನ್ನ ಬಾಟಲಿಯದೇ ಕುಡಿಯುತ್ತಿದ್ದಳು. ಊರೆಲ್ಲ ನನ್ನ ಕೇಕು ತಿನ್ನುತ್ತದೆ, ನನಗೆ ಉಣಿಸಿ ಬೆಳೆಸಿದವಳು ತಿನ್ನುವುದಿಲ್ಲ. ಇದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಮ್ಮೆ ರವೆಯ ಚೀಲದಲ್ಲಿ ನುಸಿ ಬಿದ್ದಿತ್ತು. ನಾನು ಬಿಸಿಲಿಗೆ ಸುರಿಯಲು ಹೇಳಿದೆ. ಅಕ್ಕ ಬೇಡವೆಂದು ಜರಡಿ ಇಸಿದುಕೊಂಡು ಅಂಗಡಿಯ ಮುಂದೆ ಬೇವಿನ ಗಿಡದ ನೆರಳಿನಲ್ಲಿ ಪೇಪರ್ ಹಾಸಿ ಕುಳಿತಳು. ನುಸಿಗಳೆಲ್ಲ ಪೇಪರಿನ ಅಂಚಿಗೆ ನಡೆದು ಮಣ್ಣಿಗೆ ಇಳಿಯುವವರೆಗೆ ಏಳಲಿಲ್ಲ. ನಮ್ಮ ಭಟ್ಟಿ ನೋಡುವ ಉಸ್ತಾದ್, ನನಗಿಂತ ಹಿರಿಯ ಮುಸಲ್ಮಾನ, ಬಾಗಿಲಲ್ಲಿ ನಿಂತು ನಗಾಡಿದ. ಅಕ್ಕನನ್ನು ಅವನು ತನ್ನ ಮಾತಿನಲ್ಲಿ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ.

"ಆಪಾ, ಅವಕ್ಕ ಟಿಕೀಟ್ ತಗಸಿ ಕೊಡ್ರಿ. ಹುಡಗಿ ಊರಿನ ಮಟ ಬಸ್ಸಿನ್ಯಾಗ ಹೋಗ್ತಾವ."

"ನೀನ ಕೂಡಿಸಿ ಬಾ. ದಿನಾ ಭಟ್ಟಿ ಮುಂದ ಕುಂತು ಕುಂತು ನಿನಗೂ ಗಾಳಿ ಬೇಕಾಗ್ಯದ" ಎಂದಳು ಅಕ್ಕ, ತಲೆ ಎತ್ತದೆ.

ಅಕ್ಕ ತಿನ್ನುವಂಥದೊಂದನ್ನು ಮಾಡಲೇಬೇಕೆಂದು ನಾನು ಹಟ ಹಿಡಿದೆ. ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ, ಹೊಸ ಕಡಾಯಿ ತಂದು, ಸ್ನಾನ ಮಾಡಿ, ಖೋವಾ ಕೊಬ್ಬರಿಯ ಬರ್ಫಿ ಮಾಡಿದೆ. ಬಿಳಿ ಬರ್ಫಿ ಎಲ್ಲರೂ ಮಾಡುತ್ತಾರೆಂದು ಗುಲಾಬಿ ಬಣ್ಣ ಹಾಕಿದೆ. ಅಕ್ಕ ಒಂದು ಚೂರನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಬೆರಳು ಕೆಂಪಾಯಿತು.

"ಇದು ಕೆಮಿಕಲ್ ಅಲ್ಲೇನೋ ತಮ್ಮಾ? ತಿಂದ್ರ ನಾಲಿಗಿ ಹೋಳಿ ಆಡಿದಂಗ ಆಗ್ತದ. ಇದನ್ನ ಲಿಂಗದ ಮುಂದ ಹ್ಯಾಂಗ ಇಡ್ಲಿ?"

ಹೈದರಾಬಾದಿನಿಂದ ಬೇಕರಿ ಸಾಮಾನು ಕಳಿಸುವ ವ್ಯಾಪಾರಿಗೆ ಫೋನ್ ಮಾಡಿ ಕೆಮಿಕಲ್ ಇಲ್ಲದ ಗುಲಾಬಿ ಬಣ್ಣ ಬೇಕೆಂದೆ. ಹೊರದೇಶದ ಸಣ್ಣ ಡಬ್ಬಿಯೊಂದು ಬಂತು. ಚಿಟಿಕೆ ಹಾಕಿದರೆ ಸಾಕು, ಬರ್ಫಿ ದಾಸವಾಳದ ಮೊಗ್ಗಿನ ಹಾಗೆ ಆಗುತ್ತಿತ್ತು. ಬಿಸಿಗೂ ಬಾಡದು, ಬೆರಳಿಗೂ ಹತ್ತದು.

"ಎದರಿಂದ ಮಾಡ್ಯಾರ?" ಅಕ್ಕ ಕೇಳಿದಳು.

"ಹೂವಿಂದಕ್ಕಾ" ಎಂದೆ. ನನಗೆ ಗೊತ್ತಿರಲಿಲ್ಲ. ಬಣ್ಣ ನೋಡಿದರೆ ಹೂವಿನದೇ ಅನ್ನಿಸಿತು, ಹೇಳಿಬಿಟ್ಟೆ.

ಆ ದಿನ ಅಕ್ಕ ನನ್ನ ಮನೆಯಲ್ಲೇ ಮತ್ತೊಮ್ಮೆ ಮುಖ ತೊಳೆದು ಲಿಂಗ ತೆಗೆದು, ಎರಡು ತುಂಡು ಎಡೆ ತೋರಿಸಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ತಿಂದಳು. "ಅವ್ವ ಇರಬೇಕಾಗಿತ್ತು" ಎಂದಳು. ನಾನು ಒಳಗೆ ಹೋಗಿ ಮುಖ ಒರಸಿಕೊಂಡು ಬಂದೆ. ಅಂದಿನಿಂದ ಸೋಮವಾರದ ಬರ್ಫಿ ರೂಢಿಯಾಯಿತು. ಪ್ರತಿ ಸೋಮವಾರ ಸಂಜೆ ಕಲ್ಯಾಣದ ಮನೆಯಲ್ಲಿ ಓಣಿಯ ಹೆಣ್ಣುಮಕ್ಕಳು ಭಜನೆಗೆ ಕೂಡುತ್ತಿದ್ದರು. ಅವರಿಗೆಲ್ಲ ಅಕ್ಕ ಅದನ್ನೇ ಪ್ರಸಾದ ಹಂಚುತ್ತಿದ್ದಳು. "ನನ್ನ ತಮ್ಮ ಮಾಡಿದ್ದು, ಹೂವಿನ ಬಣ್ಣದ್ದು" ಎಂದು ಹೇಳಿಯೇ ಹಂಚುತ್ತಿದ್ದಳಂತೆ.

ಆರು ತಿಂಗಳಾಗಿರಬೇಕು. ಉಸ್ತಾದ್ ಒಂದು ದಿನ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಂದ. ಹೊಸ ಸಾಮಾನು ಬಂದರೆ ತನ್ನ ಮನೆಯವರು ತಿನ್ನಬಹುದೋ ಇಲ್ಲವೋ ಎಂದು ಕೇಳಿ ತಿಳಿದುಕೊಳ್ಳುವುದು ಅವನ ಪದ್ಧತಿ. ಈ ಡಬ್ಬಿಯ ಬಗ್ಗೆ ಆ ವ್ಯಾಪಾರಿಯನ್ನೇ ಕೇಳಿದ್ದ.

"ಸೇಟ್, ಇದು ಹೂವಿಂದಲ್ಲ. ಪರದೇಶದಾಗ ಪಾಪಾಸುಕಳ್ಳಿ ಮ್ಯಾಲ ಒಂದು ನಮೂನಿ ಹುಳ ಬೆಳಸ್ತಾರಂತ. ಅವನ್ನ ಒಣಗಿಸಿ ಅರದು ಬಣ್ಣ ತಗೀತಾರಂತ. ನಾ ಅಂತೂ ಮನಿಗೆ ಒಯ್ಯಲ್ಲ."

ನಾನು ಡಬ್ಬಿ ತಿರುಗಿಸಿ ನೋಡಿದೆ. ಸಣ್ಣ ಅಕ್ಷರದ ಇಂಗ್ಲಿಷು, ಒಂದು ನಂಬರು. ನನಗೇನೂ ತಿಳಿಯಲಿಲ್ಲ. ವ್ಯಾಪಾರಿಗೆ ನಾನೇ ಫೋನ್ ಮಾಡಿದೆ. "ಕೆಮಿಕಲ್ ಬ್ಯಾಡ ಅಂದ್ರಿ, ಕಳಿಸಿದೆ. ಹುಳ ಕೆಮಿಕಲ್ ಅಲ್ಲಲ್ಲ?" ಎಂದ.

"ಆಪಾಗ ಹೇಳಿಬಿಡ್ರಿ" ಎಂದ ಉಸ್ತಾದ್. "ಬೈತಾರ, ಬೈಲಿ. ತಿಳೀದೆ ಆದ ತಪ್ಪು ಅದು. ಇನ್ನ ಮ್ಯಾಲ ಕೊಟ್ರ ಅದು ಆ ಲೆಕ್ಕಕ್ಕ ಬರಲ್ಲ."

ಹೇಳಬೇಕೆಂದೇ ಇದ್ದೆ. ಆದರೆ ಹೇಳಿದರೆ ಆರು ತಿಂಗಳು ಲಿಂಗಕ್ಕೆ ಎಡೆ ತೋರಿಸಿದ್ದು ಹುಳದ ಬಣ್ಣ ಎಂದು ಅವಳಿಗೆ ತಿಳಿಯುತ್ತದೆ. ಮತ್ತೆ ನನ್ನ ಕೈಯ ತಿನಿಸು ಮುಟ್ಟಲಿಕ್ಕಿಲ್ಲ. ಹೇಳದೆಯೇ ಸರಿ ಮಾಡೋಣವೆಂದು ಬೀಟ್‌ರೂಟ್ ತುರಿದು ರಸ ಹಿಂಡಿ ಹಾಕಿದೆ. ಖೋವಾದ ಜೊತೆ ಕುದ್ದು ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು, ಮಣ್ಣಿನ ವಾಸನೆ ಬೇರೆ.

"ಯಾಕೋ ತಮ್ಮಾ, ಇದು ಹಿಂಗ್ಯಾಕ ಕಳೆಗುಂದ್ಯದ? ಆ ಹೂವಿಂದು ತೀರಿತೇನು?" ಎಂದಳು ಅಕ್ಕ.

ಬಾಗಿಲು ತಾನಾಗಿ ತೆರೆದ ಹಾಗಿತ್ತು. ಒಳಗೆ ಹೆಜ್ಜೆ ಇಟ್ಟರಾಗುತ್ತಿತ್ತು.

"ಹೌದಕ್ಕಾ, ತೀರ್ಯದ."

"ತರಸು ಮತ್ತ. ಲಿಂಗದ ಮುಂದ ಇಡೂದು ಚಂದ ಇರಬೇಕು."

ತರಿಸಿದೆ. ನನ್ನ ತಪ್ಪೆಂದರೆ ಇದೇ. ಹೂವಿನದು ಎಂದದ್ದು ತಿಳಿಯದೆ ಅಂದ ಮಾತು. ಆ ಸೋಮವಾರದ ನಂತರ ಮಾಡಿದ್ದೆಲ್ಲ ತಿಳಿದು ಮಾಡಿದ್ದು. ಉಸ್ತಾದ್ ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ಸೋಮವಾರ ಅಕ್ಕ ಬಂದಳೆಂದರೆ ಅವನು ಭಟ್ಟಿಯ ಹತ್ತಿರವೇ ಉಳಿಯುತ್ತಿದ್ದ. ಚೇಷ್ಟೆಯ ಮಾತೂ ನಿಂತಿತು. "ನಿಮ್ಮ ಉಸ್ತಾದಗ ನನ್ನ ಮ್ಯಾಲ ಏನು ಸಿಟ್ಟೋ?" ಎಂದು ಅಕ್ಕ ಎರಡು ಸಲ ಕೇಳಿದಳು. "ಅವಗ ವಯಸ್ಸಾತಕ್ಕಾ" ಎಂದೆ.

ಈ ವರ್ಷ ಬೇಸಿಗೆಗೆ ಮೊದಲು ಅಕ್ಕ ಮಲಗಿದಳು. ಹೊಟ್ಟೆಯಲ್ಲಿ ಗಂಟು ಎಂದರು ಡಾಕ್ಟರು. ಒಂಬತ್ತು ದಿನ ಕಲ್ಯಾಣದ ದವಾಖಾನೆಗೆ ಹೋಗಿ ಬಂದು ಅವಳ ಬಳಿ ಕುಳಿತೆ. ಹುಮನಾಬಾದಿನಿಂದ ಹೊರಡುವಾಗಲೆಲ್ಲ ಇವತ್ತು ಹೇಳುವುದೇ ಎಂದುಕೊಳ್ಳುವೆ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಕಲ್ಯಾಣದ ಕಡೆ ಹೊರಳುವ ಹೊತ್ತಿಗೆ ಧೈರ್ಯ ಇಳಿದುಹೋಗುವುದು. ಸಾಯುವವಳಿಗೆ ಯಾಕೆ ಸಂಕಟ ಕೊಡಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಉಳಿಸಿಕೊಳ್ಳುತ್ತಿದ್ದದ್ದು ನನ್ನ ಮಾನವನ್ನು. ಕೊನೆಗೆ ಅವಳಿಗೆ ನೀರೂ ಇಳಿಯುತ್ತಿರಲಿಲ್ಲ. ಆಗಲೂ ಅಂದಳು: "ನಾ ಇಲ್ಲಂತ ಹೆಣ್ಮಕ್ಕಳಿಗೆ ಬರ್ಫಿ ತಪ್ಪಿಸಬ್ಯಾಡ."

ನಮ್ಮವರ ಪದ್ಧತಿಯಂತೆ ಅವಳನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಟ್ಟೆವು. ಮೊದಲ ಹಿಡಿ ಮಣ್ಣು ನಾನೇ ಹಾಕಬೇಕಿತ್ತು. ಆ ಲಿಂಗದ ಕಡೆ ನೋಡಲಾಗದೆ ಮುಖ ತಿರುಗಿಸಿ ಹಾಕಿದೆ.

ಹನ್ನೊಂದನೆಯ ದಿನ ಮನೆಯಲ್ಲಿ ಊಟ. ಹಿಂದಿನ ದಿನ ಕಡಾಯಿ ಒಲೆಯ ಮೇಲಿಟ್ಟು ಡಬ್ಬಿ ತೆರೆದೆ, ಮುಚ್ಚಿದೆ. ಬಣ್ಣ ಹಾಕದೆ ಬಿಳಿ ಬರ್ಫಿ ಮಾಡಿಕೊಂಡು ಹೋದೆ. ಭಜನೆಯ ಹೆಣ್ಣುಮಕ್ಕಳು ಸಾಲಾಗಿ ಕುಳಿತಿದ್ದರು. ತಟ್ಟೆ ನೋಡಿದ್ದೇ ಪಕ್ಕದ ಮನೆಯ ಅಜ್ಜಿ ದನಿ ಎತ್ತಿದಳು.

"ಅಯ್ಯ, ಇದೇನು ಬಿಳೇದು ತಂದೀ? ಅಕ್ಕ ಹ್ವಾದಳಂತ ಬಣ್ಣಕ್ಕೂ ಕಂಜೂಸಿ ಮಾಡ್ತಿಯೇನು?"

ಅತ್ತು ಸೊರಗಿದ್ದವರೂ ನಕ್ಕರು. ತೀರಿದೆ ಎಂಬ ಮಾತು ನನ್ನ ಬಾಯಿಗೆ ಬಂದೇ ಬಿಟ್ಟಿತ್ತು. ಅದನ್ನು ನುಂಗಿ, ಎಲ್ಲ ಹೇಳಿದೆ. ಕಳ್ಳಿಯ ಮೇಲಿನ ಹುಳ, ಉಸ್ತಾದ್, ಬೀಟ್‌ರೂಟು, ಎರಡು ವರ್ಷ. ಒಬ್ಬಾಕೆ ಎದ್ದು ಹಿತ್ತಲಿಗೆ ಹೋದಳು. ಅವಳು ಬಾಯಿ ಮುಕ್ಕಳಿಸುವ ಸದ್ದು ಒಳಗೆ ಕೇಳಿಸುತ್ತಿತ್ತು.

"ಆಕಿಗೆ ಗೊತ್ತಿತ್ತೇನು?" ಅಜ್ಜಿ ಕೇಳಿದಳು.

"ಇಲ್ರಿ."

"ನಿನಗ?"

"ಗೊತ್ತಿತ್ರಿ ಅಜ್ಜಿ."

"ನಮಗ್ಯಾಕ ಹೇಳ್ತಿ?" ಎಂದು ಅಜ್ಜಿ ಗೋಡೆಯ ಕಡೆ ಕೈ ಮಾಡಿದಳು. ಅಲ್ಲಿ ಅಕ್ಕನ ಫೋಟೋ ಇತ್ತು. "ಆಕಿಗೆ ಹೇಳು. ನಮ್ಮೆಲ್ಲರ ಮುಂದ ಹೇಳು."

ನಾನು ಆ ಕಡೆ ತಿರುಗಿ ನಿಂತೆ.

"ಅಕ್ಕಾ, ಅದು ಹೂವಿಂದಲ್ಲ, ಹುಳದ್ದು. ನೀ ಕೇಳಿದಿ, ನಾ ಸುಳ್ಳು ಹೇಳಿದೆ. ನಿನ್ನ ಲಿಂಗಕ್ಕ ನಾನ ಅದನ್ನ ಎಡಿ ಮಾಡಸ್ದೆ. ತಪ್ಪಾತಕ್ಕಾ. ನನ್ನಿಂದ ತಪ್ಪಾತು."