ಕೊಟ್ಟವರ ಹೆಸರು

ನಮ್ಮ ಡ್ರಾಯಿಂಗ್ ಮೇಷ್ಟ್ರ ಮೂಗಿನ ಎಡಗಡೆಯಿಂದ ತುಟಿಯ ಕೊನೆಯವರೆಗೆ ಒಂದು ಗೆರೆ ಇಳಿದಿತ್ತು. ಬಲಗಡೆ ಇರಲಿಲ್ಲ. ಹೇಸಿಗೆಯಾದಾಗ ಅವರು ಎಡಹೊಳ್ಳೆಯನ್ನು ಮಾತ್ರ ಮೇಲಕ್ಕೆತ್ತುತ್ತಿದ್ದರು. ಹೇಸಿಗೆಯಾಗದ ದಿನವೇ ಅವರಿಗೆ ಇರಲಿಲ್ಲವಾದ್ದರಿಂದ ಆ ಗೆರೆ ಅಲ್ಲೇ ಮನೆ ಮಾಡಿಕೊಂಡಿತ್ತು.

ನಾವಿಬ್ಬರೂ ನಂಜನಗೂಡಿನವರು. ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಅವರು ಚಿತ್ರಕಲೆ ಕಲಿಸುತ್ತಿದ್ದರು, ನಾನು ಗಣಿತ. ತೊಂಬತ್ತರ ದಶಕವೆಲ್ಲ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಅವರು ಬೆಳಿಗ್ಗೆ ಕಪಿಲೆಯ ಕಡೆ ಒಂದು ಸುತ್ತು ಹೋಗಿಬಂದೇ ಬಸ್ಸು ಹತ್ತುತ್ತಿದ್ದರು. ನದಿಯಲ್ಲಿ ಮುಳುಗು ಹಾಕಿದ ಯಾತ್ರಿಕರು ಉಟ್ಟ ಬಟ್ಟೆಯನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹೋಗುತ್ತಾರೆ. ಅದನ್ನು ನೋಡಿ ಬಂದವರು ಸೀಟಿನಲ್ಲಿ ಕೂರುವ ಮೊದಲೇ ಶುರು ಮಾಡುತ್ತಿದ್ದರು: "ಪಾಪ ಕಳ್ಕೊಳಕ್ಕೆ ಬತ್ತಾರೆ, ಚಡ್ಡಿ ಬಿಟ್ಟು ಓಯ್ತಾರೆ. ಆ ಹೊಳೆ ಯಾವುದನ್ನ ಇಟ್ಕೋಬೇಕು, ನೀವೇ ಯೋಳಿ."

ತರಗತಿಯಲ್ಲೂ ಹಾಗೆಯೇ. ಮಕ್ಕಳು ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಒಂದು ಗುಡಿಸಲು ಬರೆದು ತಂದರೆ ಹಾಳೆಯನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಹಿಡಿದು ಕೇಳುತ್ತಿದ್ದರು. "ಈ ಬೆಟ್ಟ ಎಲ್ಲಿ ನೋಡ್ದ್ಯಲಾ? ನಿಮ್ಮ ಮನೆ ಹಿಂದೆ ಏನೈತೆ?" ಹುಡುಗ ತಿಪ್ಪೆ ಅಂದರೆ, "ಓಗು, ತಿಪ್ಪೆ ಬರ್ಕೊಂಡ್ ಬಾ" ಅನ್ನುತ್ತಿದ್ದರು. ನಮ್ಮ ಶಾಲೆಯಷ್ಟು ಒಳ್ಳೆಯ ತಿಪ್ಪೆಗಳನ್ನು ಆ ತಾಲ್ಲೂಕಿನಲ್ಲಿ ಬೇರೆ ಯಾರೂ ಬರೆದಿರಲಾರರು.

ಅವರಿಗೆ ಎಲ್ಲಕ್ಕಿಂತ ಹೇಸಿಗೆ ಸನ್ಮಾನವೆಂದರೆ. "ಹಾರ, ಶಾಲು, ಪೇಟ, ಹಣ್ಣಿನ ತಟ್ಟೆ. ಹೆಣಕ್ಕೂ ಇಷ್ಟೇ ಕಣ್ರೀ ಮಾಡಾದು. ಹೆಣ ಪುಣ್ಯ ಮಾಡಿರ್ತದೆ, ಭಾಷಣ ಕೇಳಂಗಿಲ್ಲ." ನಿವೃತ್ತಿಯ ವರ್ಷ ಹತ್ತಿರ ಬಂದಾಗ, ತಮ್ಮ ಬೀಳ್ಕೊಡುಗೆಗೆ ತಾವೇ ಬರುವುದಿಲ್ಲವೆಂದು ಹೇಳಿಬಿಟ್ಟರು. ಆಗ ನನಗೊಂದು ಹಟ ಹುಟ್ಟಿತು. ಆ ಎಡಹೊಳ್ಳೆ ಏಳದಂಥ ಒಂದೇ ಒಂದು ಉಡುಗೊರೆಯನ್ನು ಈ ಮನುಷ್ಯನ ಕೈಗೆ ಇಡಬೇಕು.

ಏನು ಕೊಡಬೇಕೆಂಬುದು ನನಗೆ ಗೊತ್ತಿತ್ತು. ಅವರ ಹರೆಯದಲ್ಲಿ ಒಂದು ಕ್ಯಾಮೆರಾ ಇತ್ತಂತೆ. ಭಾವಮೈದ ಯಾರದೋ ಮದುವೆಗೆಂದು ಇಸಿದುಕೊಂಡು ಹೋದವನು ವಾಪಸು ತರಲೇ ಇಲ್ಲ. ಈಗಿನ ಪ್ಲಾಸ್ಟಿಕ್ಕಿನವು ಅವರ ಪಾಲಿಗೆ ಸೋಪಿನ ಡಬ್ಬಿಗಳು. ಅವರದು ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು, ಮುಂದೆ ಎರಡು ಕಣ್ಣಿನದು. "ಫೋಟೋ ತೆಗಿಯೋನು ತಲೆ ಬಗ್ಗಿಸ್ಬೇಕು" ಅನ್ನುತ್ತಿದ್ದರು.

ಅಂಥದ್ದೊಂದು ನಂಜನಗೂಡಿನ ಪೇಟೆಬೀದಿಯ ಹಳೆಯ ಸ್ಟುಡಿಯೋದ ಅಟ್ಟದಲ್ಲಿ ಸಿಕ್ಕಿತು. ಕೊಂಡು ಮನೆಗೆ ತಂದು ಬಿಚ್ಚಿದರೆ ವಾಕರಿಕೆ ಬಂತು. ತೊಗಲಿನ ಚೀಲ ಕೊಳೆತು ಕೈಗೆ ಅಂಟುತ್ತಿತ್ತು. ಮಸೂರದ ಮೇಲೆ ಹಳೇ ಉಪ್ಪಿನಕಾಯಿಗೆ ಬರುವಂಥ ಬೂಷ್ಟು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಜಿರಳೆಯ ಮೊಟ್ಟೆ, ಸಾಲಾಗಿ. ಅಮ್ಮ ಅದನ್ನು ಅಂಗಳದಿಂದ ಒಳಗೆ ಬಿಟ್ಟುಕೊಳ್ಳಲಿಲ್ಲ. ಮೂಗಿಗೆ ಟವಲು ಕಟ್ಟಿಕೊಂಡು, ಹಳೇ ಪಂಚೆಯ ಚೂರನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದೆ. ಹಿಡಿದುಕೊಂಡಿದ್ದ ಷಟರನ್ನು ಪರಿಚಯದ ವಾಚು ರಿಪೇರಿಯವರು ಬಿಚ್ಚಿ ತೊಳೆದು ಜೋಡಿಸಿಕೊಟ್ಟರು. ರೋಲು ಹಾಕಿ ತಾಂಡವಪುರದ ಗದ್ದೆಗಳ ಕಡೆ ಹೋಗಿ ತೆಗೆದು ನೋಡಿದೆ. ಪೈರಿನ ಒಂದೊಂದು ಗರಿಯೂ ಬಂದಿತ್ತು. ಗುಂಡಿ ಒತ್ತಿದರೆ ಚಿಟಿಕೆ ಹೊಡೆದಂಥ ಸದ್ದು. ಬಸ್ಸಿನಲ್ಲಿ ಸುಮ್ಮನೆ ಅವರ ತೊಡೆಯ ಮೇಲೆ ಇಟ್ಟುಬಿಡುವುದೆಂದು ನಿಶ್ಚಯಿಸಿಕೊಂಡೆ.

ಸುದ್ದಿ ಹೇಗೋ ಹೆಡ್ಮಾಸ್ಟರ ಕಿವಿಗೆ ಬಿತ್ತು. ಸಮಾರಂಭದಲ್ಲೇ ಕೊಡೋಣ, ಆಗಲಾದರೂ ಅವರು ಬರುತ್ತಾರೆ, ಬಣ್ಣದ ಕಾಗದ ಸುತ್ತಿಸಿಡುತ್ತೇನೆ ಎಂದು ಇಸಿದುಕೊಂಡರು. ನಾನೂ ಮೇಷ್ಟ್ರಿಗೆ, "ಬನ್ನಿ ಸಾ, ನಿಮಗೊಂದು ನೋಡೋ ವಸ್ತು ಇದೆ" ಎಂದು ಹೇಳಿ ಒಪ್ಪಿಸಿದೆ.

ಹಾರ ಬಿತ್ತು, ಶಾಲು ಬಿತ್ತು, ಪೇಟ ಕಿವಿಯವರೆಗೆ ಇಳಿಯಿತು. ಆಮೇಲೆ ಮಿಂಚುವ ಕಾಗದ ಬಿಚ್ಚಿದರು. ಹಿಂಬದಿಯ ಕರಿ ತೊಗಲನ್ನು ಕಿತ್ತು ಹಾಕಿ, ಬರಿಯ ಲೋಹದ ಮೇಲೆ ಪಾತ್ರೆ ಅಂಗಡಿಯ ಮೆಷಿನ್ನಿನಲ್ಲಿ ಹೆಸರು ಕೊರೆಸಿದ್ದರು. ಹೆಡ್ಮಾಸ್ಟರ ಹೆಸರು, ಅವರ ಡಿಗ್ರಿಗಳು, ಕಮಿಟಿಯ ಅಧ್ಯಕ್ಷರು, ಉಪಾಧ್ಯಕ್ಷರು. ಜಾಗ ಸಾಲದೆ ಪಕ್ಕಕ್ಕೂ ಮೇಲಿನ ಮುಚ್ಚಳಕ್ಕೂ ಹರಿದಿತ್ತು. ನಾನು 'ಮತ್ತು ಸಿಬ್ಬಂದಿ ವರ್ಗ'ದೊಳಗೆ ಎಲ್ಲೋ ಇದ್ದಿರಬೇಕು. ಮೇಷ್ಟ್ರು ಮುಚ್ಚಳ ತೆರೆದು ಬಗ್ಗಿ ನೋಡಿದರು, ಗುಂಡಿ ಒತ್ತಿದರು. ಸದ್ದಿಲ್ಲ. ಮೆಷಿನ್ನಿನ ಅದುರಿಗೆ ಷಟರು ಮತ್ತೆ ಹಿಡಿದುಕೊಂಡಿತ್ತು. ತಲೆ ಎತ್ತಿದಾಗ ಎಡಹೊಳ್ಳೆ ಎದ್ದಿತ್ತು. ಮೈಕಿನಲ್ಲಿ ಅವರು ಆಡಿದ್ದು ಇಷ್ಟೇ: "ನಿಮ್ಮನ್ನೆಲ್ಲ ಮರೆಯಲ್ಲ. ಮರೆಯೋಕೆ ನೀವು ಬಿಟ್ಟಿಲ್ಲ."

ಜನ ಚಪ್ಪಾಳೆ ತಟ್ಟಿದರು. ನಾನು ಹೆಡ್ಮಾಸ್ಟರನ್ನು ವರಾಂಡದಲ್ಲಿ ಹಿಡಿದು ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಲ್ರೀ, ಒಂದು ಲೋಟ ಕೊಟ್ರೂ ಹೆಸರು ಕೊರೆಸ್ತೀವಿ. ನಾಳೆ ಯಾರು ಕೊಟ್ರು ಅಂತ ಗೊತ್ತಾಗೋದು ಬೇಡ್ವಾ?" ಹೊಲಸು ತುಳಿದವನಿಗೆ ಕಾಲು ತೊಳಿ ಅನ್ನಬಹುದು, ಅದನ್ನೇ ಗಂಧ ಅಂದುಕೊಂಡವನಿಗೆ ಏನೂ ಅನ್ನಲಾಗುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಪೇಟದೊಳಗೆ ಹಣ್ಣು, ತೊಡೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದರು.

"ಇದ ನೀವು ತಂದದ್ದಾ?"

"ಹೂಂ ಸಾ."

"ತಂದಾಗಲೂ ಇಂಗೇ ಇತ್ತಾ?"

"ಇಲ್ಲ ಸಾ. ಒಳಗೆ ಜಿರಳೆ ಮೊಟ್ಟೆ ಇತ್ತು."

ಕೊರೆದ ಹೆಸರುಗಳ ಮೇಲೆ ಬೆರಳಾಡಿಸಿದರು. "ಅದೇ ವಾಸಿಯಾಗಿತ್ತು" ಅಂದರು. ಇಬ್ಬರೂ ನಂಜನಗೂಡು ಬರುವವರೆಗೆ ನಕ್ಕೆವು.

ಆ ಕ್ಯಾಮೆರಾವನ್ನು ಅವರು ಮತ್ತೆ ವಾಚಿನವರ ಕೈಗೇ ಕೊಟ್ಟು ಸರಿ ಮಾಡಿಸಿದರು. ಆಮೇಲೆ ದಿನಾ ಕಪಿಲೆಯ ಮೆಟ್ಟಿಲಿಗೆ ಹೋಗಿ ತೆಗೆದದ್ದು ಏನನ್ನು? ಯಾತ್ರಿಕರು ಬಿಟ್ಟ ಬಟ್ಟೆಗಳನ್ನು. ನನಗೊಂದು ಪ್ರತಿ ಕೊಟ್ಟಿದ್ದರು: ಕಲ್ಲಿಗೆ ಅಂಟಿಕೊಂಡ ಒದ್ದೆ ಅಂಗಿ, ಗುಂಡಿ ಹಾಕಿದ್ದು ಹಾಗೇ ಇದೆ, ಒಂದು ತೋಳು ನೀರಿನೊಳಗೆ. ಅಷ್ಟು ಚೆಂದದ ಚಿತ್ರ ನಮ್ಮ ಮನೆಯಲ್ಲಿ ಬೇರೆ ಇಲ್ಲ. "ಇದನ್ನ ಕಂಡ್ರೆ ನಿಮಗೆ ಆಗಲ್ವಲ್ಲ ಸಾ" ಅಂದೆ. "ಹೇಸಿಗೆ ಆದ್ಮೇಲೆ ಸರಿಯಾಗಿ ನೋಡ್ಬೇಕು ಕಣ್ರೀ. ಮೂಗು ಮುಚ್ಕೊಂಡು ಓಡೋನಿಗೆ ಏನ್ ಕಂಡಾತು?" ಅವರು ಬಗ್ಗಿ ನೋಡುವಾಗ ಆ ಗೆರೆ ಇರುತ್ತಿತ್ತೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ತಲೆ ಬಗ್ಗಿರುತ್ತಿತ್ತು.

ಹತ್ತು ಹನ್ನೆರಡು ವರ್ಷ ಕಳೆದು ಅವರು ತೀರಿಕೊಂಡರು. ನಮ್ಮಲ್ಲಿ ಹೆಣವನ್ನು ಕೂರಿಸುತ್ತಾರೆ. ಅದೇ ಪೇಟ, ಅದೇ ಶಾಲು. ಹೆಡ್ಮಾಸ್ಟರು ಹಾರ ಹಾಕಿ, ಕುರ್ಚಿಯ ಮೇಲೆ ಕೈಯಿಟ್ಟು ಮೊಬೈಲಿಗೆ ಮುಖ ಕೊಟ್ಟರು. ಭಾಷಣವನ್ನೂ ಮಾಡಿದರು. ನಾನು ಮೇಷ್ಟ್ರ ಮುಖ ನೋಡಿದೆ. ಗೆರೆ ಇರಲಿಲ್ಲ. ಯಾರೋ ಬೇರೆಯವರನ್ನು ಕೂರಿಸಿದ್ದಾರೆ ಅನ್ನಿಸಿತು.

ತಿಥಿ ಕಳೆದ ಮೇಲೆ ಅವರ ಹೆಂಡತಿ ಕ್ಯಾಮೆರಾ ತಂದು ನನ್ನ ಕೈಯಲ್ಲಿಟ್ಟರು. "ನಿಮಗೇ ಕೊಡ್ಬೇಕು ಅಂದಿದ್ರು." ತಿರುಗಿಸಿ ನೋಡಿದೆ. ಉಪ್ಪು ಕಾಗದದಲ್ಲಿ ತಿಕ್ಕಿ ತಿಕ್ಕಿ ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ಅದರ ಬೆನ್ನು, ತೊಳೆದ ತಟ್ಟೆಯಂತೆ ಬೆಳ್ಳಗಿತ್ತು.

ಈಗ ನನ್ನದೂ ನಿವೃತ್ತಿಯಾಗಿದೆ. ಊರಿನಲ್ಲಿ ಹೇಸಿಗೆಗೆ ಬರವಿಲ್ಲ. ದಿನಾ ನೋಡುತ್ತೇನೆ, ಮೂಗು ಮುಚ್ಚಿಕೊಳ್ಳದೆ. ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನನ್ನ ಮೂಗಿನ ಎಡಗಡೆ ಒಂದು ಗೆರೆ ಕಾಣುತ್ತದೆ. ಅದನ್ನು ಕೊಟ್ಟವರ ಹೆಸರು ಎಲ್ಲೂ ಕೊರೆದಿಲ್ಲ.