ಕೊಂಬಿಲ್ಲದ ಗೆರೆ

ನನ್ನಣ್ಣ, ಅತ್ತಿಗೆ ಕೆಲಸ ಮಾಡೋದು ಒಂದೇ ಕಾರ್ಖಾನೆಯ ಒಂದೇ ಕೋಣೆಯಲ್ಲಿ, ಇರೋದು ಒಂದೇ ಮನೆಯಲ್ಲಿ. ಆದರೂ ಒಬ್ಬರ ಮುಖ ಒಬ್ಬರು ನೋಡೋದು ಪಾಳಿ ಬದಲಾಗುವಾಗ, ದಿನಕ್ಕೆ ಹತ್ತೇ ನಿಮಿಷ! ಅಣ್ಣನದು ಬೆಳಗಿನ ಪಾಳಿ, ಅತ್ತಿಗೆಯದು ಮಧ್ಯಾಹ್ನದ್ದು. ಅವಳು ಬರುವಾಗ ಇವನ ಗೊರಕೆ, ಇವನು ಹೊರಡುವಾಗ ಅವಳಿಗೆ ಗಾಢ ನಿದ್ದೆ. ವಾರದ ರಜೆಯೂ ಬೇರೆ ಬೇರೆ ದಿನ. ಮದುವೆಯಾಗಿ ಎಂಟು ತಿಂಗಳು, ಇದೆಂಥ ಸಂಸಾರವೋ!

ಅಣ್ಣ ಪ್ರಿಂಟರ್‌ಗೆ ಶಾಯಿಯ ಬದಲು ಕರಗಿಸಿದ ಪಾಲಿಮರ್ ತುಂಬಿ, ಗಾಜಿನ ಮೇಲೆ ಹನಿ ಹನಿಯಾಗಿ ಉದುರಿಸುತ್ತಾನೆ. ಒಣಗಿದರೆ ಕೂದಲಿಗಿಂತ ತೆಳುವಾದ ಪೊರೆ. ಅದರ ದಪ್ಪ ಅಳೆಯೋಳು ಅತ್ತಿಗೆ. ಯಂತ್ರದ ಸಣ್ಣ ಮುಳ್ಳೊಂದು ಪೊರೆಯ ಮೇಲೆ ಹಾದುಹೋದರೆ ಪರದೆಯಲ್ಲಿ ಗೆರೆ ಮೂಡುತ್ತದೆ. ಗೆರೆ ಸಮವಾಗಿರಬೇಕು. ಆದರೆ ಒಣಗುವಾಗ ಪಾಲಿಮರ್ ಎಲ್ಲ ಅಂಚಿಗೆ ಓಡಿ, ಅಂಚು ದಪ್ಪ, ನಡು ಹಳ್ಳ. ಗೆರೆಗೆ ಎರಡು ಕೊಂಬು! "ಕೊಂಬು ಹೋದ ದಿನ ಇಬ್ಬರನ್ನೂ ಬೆಳಗಿನ ಪಾಳಿಗೇ ಹಾಕ್ತೀನಿ," ಅಂತ ಮ್ಯಾನೇಜರ್ ಮಾತು ಕೊಟ್ಟಿದ್ದರು.

ಅಳೆದದ್ದನ್ನು ಅತ್ತಿಗೆ, ಪೊರೆ ಇಡೋ ಗಾಜಿನ ತಟ್ಟೆಯ ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಿಡೋಳು. ಬೆಳಿಗ್ಗೆ ಅಣ್ಣ ಓದಿದ ಮೇಲೆ ತೊಳೆಯೋಳು ನಾನು. ಅಲ್ಲಿ ಗಾಜು ತೊಳೆಯೋದೇ ನನ್ನ ಕೆಲಸ. "ಇವತ್ತೂ ಕೊಂಬು. ಅಂಗಿಗೆ ಗುಂಡಿ ಹಾಕಿಟ್ಟಿದೀನಿ." "ನಡು ಇನ್ನೂ ಹಳ್ಳ. ನಿದ್ದೇಲಿ ನನ್ನ ಹೆಸರು ಹೇಳ್ತಿದ್ರಿ, ಗೊತ್ತಾ?" ಥೂ, ತಂಗಿ ಓದೋ ಮಾತೇ ಇವು! ನಾಚಿಕೆಗೆ ಗಸಗಸ ಉಜ್ಜಿಬಿಡುತ್ತಿದ್ದೆ.

ಒಂದು ದಿನ ಬರೆದಿದ್ದಳು: "ಪಾಲಿಮರ್ ಕರಗಿಸೋ ದ್ರಾವಕ ಬೇಗ ಆರುತ್ತೆ, ಅದಕ್ಕೆ ನಿಧಾನ ಆರೋದನ್ನ ಚೂರು ಬೆರೆಸಿ ನೋಡ್ರೀ." ಅಣ್ಣ ಬೆರೆಸಿದ. ಹತ್ತು ಸಲ ಅಳತೆ ಬದಲಿಸಿದ. ಕಡೆಗೊಂದು ಸಂಜೆ ಮನೆಯ ಫೋನ್ ಬಡಕೊಂಡಿತು. "ರೀ, ಗೆರೆ ಸಮ ಬಂತು ರೀ!" ಅತ್ತಿಗೆಯ ಕೂಗು ನನ್ನ ಕಿವಿಗೂ ಬಿತ್ತು. ಅಣ್ಣ ಅವತ್ತು ಮಲಗಲೇ ಇಲ್ಲ, ಅವಳು ಬರೋವರೆಗೂ ಬಾಗಿಲಲ್ಲೇ ಕೂತಿದ್ದ.

ಮರುದಿನ ಪಾಳಿ ಬದಲಾಗೋ ಹೊತ್ತಿಗೆ ಮ್ಯಾನೇಜರ್ ಇಬ್ಬರ ಕೈಯನ್ನೂ ಕುಲುಕಿದರು. "ದೊಡ್ಡ ಆರ್ಡರ್ ಬಂದಿದೆ. ಇನ್ನು ಎರಡು ಪಾಳಿಯಲ್ಲೂ ಪ್ರಿಂಟ್ ಆಗಬೇಕು. ಬೆರಕೆಯ ಹದ ಗೊತ್ತಿರೋದು ನಿಮ್ಮಿಬ್ಬರಿಗೇ, ಪಾಳಿಗೊಬ್ಬರು ಇರಲೇಬೇಕು." ನನಗೆ ಮೈಯೆಲ್ಲ ಉರಿದುಹೋಯಿತು. ಕೊಟ್ಟ ಮಾತು ಎಲ್ಲಿ ಹೋಯ್ತು ಅಂತ ಕೇಳಬೇಕೆನ್ನಿಸಿತು. ಅತ್ತಿಗೆ ಚಪ್ಪಲಿ ಬದಲಿಸಿ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಮುಚ್ಚಳದ ಮೇಲಿತ್ತು: "ಎಲ್ಲಾ ಸಮ. ನಿಮ್ಮನ್ನ ನೋಡಬೇಕು ಅನ್ನಿಸ್ತಿದೆ."

ಅಣ್ಣ ಓದಿದ. ತೊಳೆಯೋಕೆ ಅಂತ ನಾನು ಕೈ ಚಾಚಿದೆ. ಅವನು ಕೊಡಲಿಲ್ಲ.

"ಇದೊಂದನ್ನ ತೊಳೀಬೇಡ ಕಣೇ," ಅಂದ.